ಕೊಟ್ಟೂರಿನ ರಾಕ್ ಬ್ಯಾಂಡಿನ ಸಿನಿಮಾ

ಕಟ್ಟುಕಥೆ ಇಲ್ಲದೆ ನಡೆದದ್ದನ್ನೇ ತೋರಿಸುವ ಸಿನಿಮಾಕ್ಕೆ ಸಾಕ್ಷಿ... ಸಾಕ್ಷ್ಯ... ಏನೋ ಅನ್ನುತ್ತಾರೆ, ನಾಲಿಗೆ ತುದಿಯಲ್ಲಿದೆ, ಬರುತ್ತಿಲ್ಲ; ನಾನು ಹೇಳಿದ್ದನ್ನು ಬರೆದುಕೊಳ್ಳುತ್ತಿರುವ ಮೊಮ್ಮಗಳು ನಗುತ್ತಿದ್ದಾಳೆ. ಇರಲಿ. ಅಂಥದ್ದೊಂದನ್ನು ಕೊಟ್ಟೂರಿನಲ್ಲಿ ತೆಗೆಯುವಾಗ ನಾನು ನಾಗಪುರದಿಂದ ತಂಗಿಯ ಮನೆಗೆ ಹೋಗಿದ್ದೆ. ಕ್ಯಾಮೆರಾ ಕಂಡರೆ ನಮ್ಮ ಕಡೆಯವರು ಸುಮ್ಮನಿರುವವರಲ್ಲ. ದಿನಕ್ಕೊಂದು ತಮಾಷೆ ನಡೆಯುತ್ತಿತ್ತು.

ಸಿನಿಮಾ ನನ್ನ ತಂಗಿಯ ಮಗನ ಕುರಿತದ್ದು. ತೊಂಬತ್ತರ ದಶಕದಲ್ಲಿ ನಾಲ್ವರು ಗೆಳೆಯರು ಕಟ್ಟಿದ ರಾಕ್ ಬ್ಯಾಂಡಿನ ಹಾಡುಗಾರ ಅವನು. ಹರಪನಹಳ್ಳಿ, ಹಡಗಲಿ ಎಲ್ಲ ಕಡೆ ಹೆಸರು ಮಾಡಿ, ಕಾಮಾಲೆಯಾಗಿ ಹೋಗಿಬಿಟ್ಟ. ಆಗ ಅವನ ಮಗಳು ತೊಟ್ಟಿಲಲ್ಲಿದ್ದಳು. ಏಳು ವರ್ಷದವಳಾದಾಗ, "ನಮ್ಮಪ್ಪನ ದನಿ ಹೆಂಗಿತ್ತು?" ಅಂತ ಕೇಳಿದಳು. ಅದಕ್ಕೇ ಹಗರಿಬೊಮ್ಮನಹಳ್ಳಿಯ ವಿಡಿಯೋದವನು ಈ ಕೆಲಸಕ್ಕೆ ಕೈಹಾಕಿದ್ದು.

ಬೆಳೆದ ಬಗೆ

ವಿಡಿಯೋದವನು ಬ್ಯಾಂಡಿನ ಗಿಟಾರಿನವನನ್ನು ಕೂರಿಸಿ, "ನಿಮ್ಮ ಬ್ಯಾಂಡ್ ಇಷ್ಟು ಮ್ಯಾಲ ಹೆಂಗ ಬಂತ್ರಿ?" ಅಂದ.

"ಮದುವಿಯಾಗ ಬೀಗರ ಜಗಳ ಮಂದಿಗೆ ಕೇಳಬಾರದು ಅಂತ ನಮ್ಮನ್ನ ಕರಸ್ತಿದ್ರು. ಅವರು ದನಿ ಏರಿಸಿದಂಗ ನಾವೂ ಏರಿಸ್ತಿದ್ವಿ. ಹಂಗ ಬೆಳದ್ವಿ."

ಅಳು

ವಿಡಿಯೋದವನು ತಂಗಿಯ ಕೈಗೆ ಮಗನ ಫೋಟೋ ಕೊಟ್ಟು, "ಅವ್ವಾರ, ಸ್ವಲ್ಪ ಅಳ್ರಿ" ಅಂದ.

"ಮಿರ್ಚಿ ಭಜಿ ಆರಿ ಹೋಗ್ತಾವು, ಮೊದಲು ತಿನ್ನಪ್ಪಾ. ನಾ ಅಳೋದು ಮುಂಜಾನಿ ನೀರು ಕಾಸೋವಾಗ. ಬೇಕಾದ್ರ ಆರಕ್ಕ ಬಾ."

ಮರುದಿನ ಆರಕ್ಕೆ ಬಂದ. ಬಚ್ಚಲೊಲೆಯ ಹೊಗೆಗೆ ಅವನೇ ಗಳಗಳ ಅತ್ತ. ತಂಗಿ ನಕ್ಕುಬಿಟ್ಟಳು.

ಮದುವೆ ಕ್ಯಾಸೆಟ್ಟು

ಸಿನಿಮಾದಲ್ಲಿ ಹಾಡುಗಾರನ ದನಿಯೇ ಇಲ್ಲದಿದ್ದರೆ ಹೇಗೆ? ಅವನು ಹಾಡಿದ್ದ ಮದುವೆಗಳ ವಿಡಿಯೋ ಕ್ಯಾಸೆಟ್ಟುಗಳನ್ನು ಮಾಗಳ, ತಂಬ್ರಹಳ್ಳಿಯಿಂದೆಲ್ಲ ತರಿಸಿದರು. ಆಗೆಲ್ಲ ಮದುವೆಯ ಗದ್ದಲ ಅಳಿಸಿ, ಮೇಲೆ ಸಿನಿಮಾ ಹಾಡು ಕೂರಿಸುವುದು ರೂಢಿ. ನಮ್ಮ ಹುಡುಗ ಮೈಕು ಹಿಡಿದು ಬಾಯಿ ತೆರೆದರೆ ಬರುವುದು ಹೆಂಗಸಿನ ದನಿ! ಹನ್ನೊಂದು ಕ್ಯಾಸೆಟ್ಟೂ ಹಾಗೆಯೇ. ಮಗು ಮುಖ ಸಣ್ಣ ಮಾಡಿಕೊಂಡು ಒಳಗೆ ಹೋಯಿತು.

"ಯಾವ ಹುಚ್ಚ ಅಳಿಸ್ಯಾನೋ!" ಅಂತ ತಂಗಿ ರೇಗಿದಳು.

ವಿಡಿಯೋದವನು ತಲೆ ತಗ್ಗಿಸಿದ. "ನಾನ್ರಿ, ಅವ್ವಾರ."

ಕೂದಲಿಗೆ ಪಾತ್ರೆ

ಕೊನೆಗೆ ಗಿಟಾರಿನವನಿಗೆ ನೆನಪಾಯಿತು. ಉದುರಿದ ಕೂದಲು ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವ ಕೂಡ್ಲಿಗಿಯ ಗಾಡಿಯವನಿಗೆ, ಓಣಿಯ ಹೆಂಗಸರನ್ನು ಕರೆಯಲೆಂದು, ನಮ್ಮ ಹುಡುಗ ಒಂದು ಹಾಡು ಕ್ಯಾಸೆಟ್ಟಿನಲ್ಲಿ ಹಾಡಿಕೊಟ್ಟಿದ್ದ. ಹೋಗಿ ನೋಡಿದರೆ ಅದೇ ಕ್ಯಾಸೆಟ್ಟು ಗಾಡಿಯ ಮೇಲೆ ಇನ್ನೂ ಓಡುತ್ತಿತ್ತು.

ಸಿನಿಮಾ ತೋರಿಸಿದ ದಿನ ಕಲ್ಯಾಣಮಂಟಪ ತುಂಬಿತ್ತು. ಪರದೆಯ ಮೇಲೆ ಅವನ ಫೋಟೋ ಬಂತು, ಹಿಂದೆಯೇ ದನಿ ಖಣಖಣ ಎದ್ದಿತು. ಹುಡುಗಿ ಕುರ್ಚಿಯ ಮೇಲೆ ನಿಂತು, "ನಮ್ಮಪ್ಪ! ನಮ್ಮಪ್ಪ ಹಾಡಾಕತ್ಯಾನ!" ಅಂತ ಕುಣಿದಳು. ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿದ್ದರೆ, ಹಿಂದಿನ ಸಾಲಿನಿಂದ ಮುದುಕಿಯೊಬ್ಬಳು ದಡಬಡ ಎದ್ದಳು.

"ಗಾಡಿ ಹೊರಗ ನಿಂತೈತೇನ್ರಿ? ಮನಿಗೆ ಹೋಗಿ ಕೂದಲ ತರ್ತೀನಿ, ಸ್ವಲ್ಪ ತಡೀರಿ!"

ಆ ಹಾಡು ನನಗಿನ್ನೂ ಬಾಯಿಪಾಠ. ಮೊಮ್ಮಗಳೇ, ನಗಬೇಡ, ಇದನ್ನೂ ಬರೆದುಕೋ: "ಉದುರಿದ ಕೂದಲ ಚೆಲ್ಲಬ್ಯಾಡ್ರಿ ತಾಯೇರಾ, ಹೊಳೆಯೋ ಚರಿಗಿ ತಗೊಂಡ್ಹೋಗ್ರಿ ತಾಯೇರಾ..."