‘ವಿದ್ವತ್ಪೂರ್ಣ’ ಎಂಬ ಪದದ ಸನ್ನಿಧಿಗೆ

ಮಾನ್ಯ ‘ವಿದ್ವತ್ಪೂರ್ಣ’ ಅವರಿಗೆ, ಗೌರಿಬಿದನೂರಿನ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವ ಶೋಭಾರಾಣಿ ಮಾಡುವ ಅನಂತ ನಮಸ್ಕಾರಗಳು. ಹೋದ ವರ್ಷ ಚಿಕ್ಕಬಳ್ಳಾಪುರ ಜಿಲ್ಲೆಯಾದಂದಿನಿಂದ ಸಭೆ ಸಮಾರಂಭಗಳು ಹೆಚ್ಚಿ ತಮಗೆ ಉಸಿರಾಡಲೂ ಬಿಡುವಿಲ್ಲವೆಂದು ಬಲ್ಲೆ. ಆದರೂ ಎಲ್ಲರೆದುರು ಹೀಗೆ ಪತ್ರ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ.

ನಿಘಂಟಿನ ಪ್ರಕಾರ ತಾವು ಆಳವಾದ ಓದು, ಪರಿಶೀಲನೆ ಇರುವ ಕಡೆ ಮಾತ್ರ ಕಾಲಿಡುವವರು. ವಿದ್ಯಾರ್ಥಿಗಳಿಗೂ ನಾನು ಹಾಗೆಯೇ ಹೇಳಿಕೊಟ್ಟಿದ್ದೆ. ಕಳೆದ ಭಾನುವಾರ ಚಿಕ್ಕಬಳ್ಳಾಪುರದ ಸಾಹಿತ್ಯ ಸಂಘದ ಸಭೆಯಲ್ಲಿ ತಮ್ಮ ಔದಾರ್ಯ ಕಂಡ ಮೇಲೆ ನನ್ನ ಪಾಠವೇ ತಪ್ಪೆಂದು ತಿಳಿಯಿತು. ಸಿಂಗಾಪುರದ ಪ್ರವಾಸದಲ್ಲಿ ಊಟ ಸೇರದೆ ಪಟ್ಟ ಪಾಡನ್ನು ಮುಕ್ಕಾಲು ಗಂಟೆ ವಿವರಿಸಿದ ಅಧ್ಯಕ್ಷ ಕೋನಪ್ಪನವರ ಭಾಷಣಕ್ಕೆ, ವಂದನಾರ್ಪಣೆ ಮಾಡಿದ ಸಂಘದ ಕಾರ್ಯದರ್ಶಿ ತಿರುಮಲೇಶ್ ತಮ್ಮನ್ನೇ ಹೊದಿಸಿದರು. ದೀಪ ಹಚ್ಚಿ, ಎರಡು ಮಾತಾಡಿ, ಕಾರು ಹತ್ತಿದ ಉದ್ಘಾಟಕರಿಗೂ ತಾವೇ. ಬರಲಾಗದೆ ಶುಭಾಶಯ ಕಳಿಸಿದ ಗಣ್ಯರೊಬ್ಬರ ನಾಲ್ಕು ಸಾಲಿಗೂ ತಾವೇ. ಬಾರದವರ ಮೇಲೂ ತಾವು ತೋರುವ ಈ ಮಮತೆಯನ್ನು ಹೇಗೆ ಹೊಗಳಲಿ!

ಅದೇ ವೇದಿಕೆಯಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ವೀರಗಲ್ಲುಗಳ ಬಗ್ಗೆ ನಾನೂ ಮಾತಾಡಿದೆ. ಹಿಪ್ಪುನೇರಳೆ ತೋಟಗಳ ಬದುಗಳಲ್ಲಿ ಅಲೆದು, ದನ ಕಟ್ಟುತ್ತಿದ್ದ ಕಲ್ಲುಗಳ ಸಗಣಿ ತೊಳೆದು, ಹಿಂದಿನವರು ತಪ್ಪಾಗಿ ಓದಿದ್ದ ಒಂದು ಶಾಸನವನ್ನು ತಿದ್ದಿದ್ದೆ. ವಂದನಾರ್ಪಣೆಯಲ್ಲಿ ನನ್ನ ಸರದಿ ಬಂದಾಗ ತಿರುಮಲೇಶರು, “ನಮ್ಮ ಮನೆಮಗಳು ಶೋಭಮ್ಮ ಬಲು ಮುದ್ದಾಗಿ ಮಾತಾಡಿದ್ರು” ಎಂದರು. ತಾವು ಆಗ ಎಲ್ಲಿದ್ದಿರಿ? ಬಾಗಿಲಲ್ಲಿ ಯಾರಾದರೂ ತಡೆದರೇ? ಹೆಂಗಸರ ಭಾಷಣದ ಹತ್ತಿರ ತಾವು ಸುಳಿಯಬಾರದೆಂಬ ನಿಯಮವಿದ್ದರೆ ಅದರ ಒಂದು ಪ್ರತಿಯನ್ನು ದಯಪಾಲಿಸಬೇಕು, ಪಾಠದಲ್ಲಿ ಸೇರಿಸಿಕೊಳ್ಳುತ್ತೇನೆ.

ನಿಜ ಹೇಳಬೇಕೆಂದರೆ, ನನಗೊಬ್ಬಳಿಗಾಗಿ ಇಷ್ಟು ಬರೆಯುತ್ತಿರಲಿಲ್ಲ. ಇಂಥ ಹೊಗಳಿಕೆ ನನಗೆ ರೂಢಿಯಾಗಿದೆ. ಆದರೆ ಮುಂದಿನ ಸಾಲಿನಲ್ಲಿ ನಮ್ಮ ತಂದೆ ಮುನಿಶಾಮಪ್ಪ ಕೂತಿದ್ದರು. ಹೆಣ್ಣುಮಗುವಿಗೆ ಇಷ್ಟು ಓದು ಯಾಕೆಂದ ನೆಂಟರೊಡನೆಲ್ಲ ಜಗಳವಾಡಿ ನನ್ನನ್ನು ಓದಿಸಿದವರು. ನಮ್ಮೂರು ಜಂಗಮಕೋಟೆಗೆ ವಾಪಸಾಗುವ ಬಸ್ಸಿನಲ್ಲಿ ಪಕ್ಕದವರಿಗೆ ಕೇಳಿಸದಂತೆ, “ಎಲ್ರಿಗೂ ಆ ಮಾತು ಅಂದ್ರಲ್ಲಮ್ಮ, ನಿಂಗೊಬ್ಳಿಗೆ ಅನ್ನಲಿಲ್ಲ. ಏನಾದ್ರೂ ತಪ್ಪು ಹೇಳ್ಬಿಟ್ಯಾ?” ಎಂದು ಕೇಳಿದರು. ಇಲ್ಲಪ್ಪ ಎಂದೆ. ಅವರು ನಂಬಿದಂತೆ ಕಾಣಲಿಲ್ಲ.

ಆದ್ದರಿಂದ ತಾವು ಒಂದು ಸಂಜೆ ಬಿಡುವು ಮಾಡಿಕೊಂಡು, ಶಾಲು ಹಾರಗಳ ಆಸೆ ಬಿಟ್ಟು, ನಮ್ಮ ಮನೆಗೆ ಬಂದು, ಜಗಲಿಯ ಮೇಲೆ ಕೂತು ಕಾಫಿ ಕುಡಿದು, ಅವರ ಮಗಳು ತಪ್ಪೇನೂ ಹೇಳಲಿಲ್ಲವೆಂದು ತಮ್ಮ ಬಾಯಿಂದಲೇ ಅವರಿಗೆ ತಿಳಿಸಬೇಕೆಂದು ಪ್ರಾರ್ಥನೆ. ನನ್ನ ಮಾತಿಗಿಂತ ತಮ್ಮ ಮಾತಿಗೆ ಅವರಲ್ಲಿ ಬೆಲೆ ಹೆಚ್ಚು.

ತಮ್ಮ ದರ್ಶನಭಾಗ್ಯ ಇನ್ನೂ ಕಾಣದ,
ತಮ್ಮ ವಿಶ್ವಾಸಿ,
ಶೋಭಾರಾಣಿ

ವಿ.ಸೂ.: ಮುಂದಿನ ತಿಂಗಳ ಸಭೆಯಲ್ಲಿ ಮುಖ್ಯ ಭಾಷಣ ತಿರುಮಲೇಶರದಂತೆ; ವಂದನಾರ್ಪಣೆಯನ್ನು ನನಗೆ ವಹಿಸಿದ್ದಾರೆ. ತಾವು ಅಂದು ನಿಶ್ಚಿಂತೆಯಿಂದ ವಿಶ್ರಾಂತಿ ಪಡೆಯಬಹುದು. ನಮ್ಮ ಮನೆಮಗ ಎಷ್ಟು ಲಕ್ಷಣವಾಗಿ ನಿಂತು ಮಾತಾಡಿದರೆಂದು ನಾನೇ ಹೇಳುತ್ತೇನೆ. ಅಪ್ಪನನ್ನೂ ಕರೆದುಕೊಂಡು ಹೋಗುತ್ತಿದ್ದೇನೆ.