ಗುಡುಗು ನಿಲ್ಲುವವರೆಗೆ ವೈಫೈ ಇಲ್ಲ

ಸಂಶಯಪಡುವುದು ನನ್ನ ಉದ್ಯೋಗ. ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರ ಓದಿ, ಕುಂದಾಪುರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾಗಿ ತರ್ಕ ಕಲಿಸುತ್ತೇನೆ. ದೇವರು, ಜ್ಯೋತಿಷ, ಟಿವಿಯ ಹವಾಮಾನ ವರದಿ ಎಲ್ಲವನ್ನೂ ಸಂಶಯಿಸಿ ಮುಗಿದ ಮೇಲೆ, ಬೇರೇನೂ ಉಳಿಯದೆ, ಈಚೆಗೆ ನನ್ನ ನೆನಪನ್ನೇ ಸಂಶಯಿಸತೊಡಗಿದ್ದೇನೆ. ಗೇಟು ಹಾಕಿದೆನೋ ಇಲ್ಲವೋ ಎಂದು ನೋಡಲು ಅರ್ಧ ದಾರಿಯಿಂದ ನಮ್ಮೂರು ಕೋಡಿಯ ಮನೆಗೆ ವಾಪಸು ಬರುತ್ತೇನೆ. ಗೇಟು ಹಾಕಿಯೇ ಇರುತ್ತದೆ. ಆದರೆ ಹಾಕಿದ್ದು ನಾನೇ ಎನ್ನುವುದಕ್ಕೆ ಪುರಾವೆ ಇರುವುದಿಲ್ಲ.

ಇಂಥ ನನಗೆ ಬ್ರಹ್ಮಾವರದ ಕಾಲೇಜಿನಲ್ಲಿ ಖಾಯಂ ಹುದ್ದೆಯ ಸಂದರ್ಶನ ಬಂತು. ಬಸ್ಸು ಹತ್ತಿದರೆ ತಲುಪುವ ಊರು. ಅವರು ಮಾತ್ರ ಆನ್‌ಲೈನೇ ಆಗಬೇಕೆಂದರು. ವರ್ಷಾವರ್ಷ ಜೂನ್ ಬಂದಾಗ 'ಈ ಸಲ ನನ್ನನ್ನು ಕರೆಯುತ್ತಾರೋ ಇಲ್ಲವೋ' ಎಂದು ಪ್ರಾಂಶುಪಾಲರ ಮುಖ ನೋಡುವ ಪಾಡು ತಪ್ಪಬೇಕಾದರೆ ಇದೊಂದೇ ದಾರಿ. ಸಂಜೆ ನಾಲ್ಕಕ್ಕೆ ಸಂದರ್ಶನ. ಮೂರೂವರೆಗೆ, ಹೊರಗೆ ಗುಡುಗು ಶುರುವಾದ ಹೊತ್ತಿಗೆ, ಲ್ಯಾಪ್‌ಟಾಪ್ ತೆರೆದರೆ ನೆಟ್‌ವರ್ಕ್ ಸಿಗುತ್ತಿಲ್ಲ ಎಂದಿತು. ಆರಿಸಿ ಹಚ್ಚಿದೆ. ಶರ್ಟು ಬದಲಿಸಿ ಬಂದು ನೋಡಿದೆ. ಎಲ್ಲೋ ಒತ್ತಿದಾಗ 'ಈ ನೆಟ್‌ವರ್ಕನ್ನು ಮರೆಯಬೇಕೇ?' ಎಂದು ಕೇಳಿತು, ಹೌದೆಂದೆ. ಮರೆಯುವುದಕ್ಕೆ ಯಂತ್ರವೂ ಅನುಮತಿ ಕೇಳುತ್ತದೆ, ನನ್ನ ತಲೆಗೆ ಆ ಮರ್ಯಾದೆಯೂ ಇಲ್ಲ. ಫೋನಿನಿಂದ ಸಂದರ್ಶನ ಕೊಡೋಣವೆಂದರೆ ನಮ್ಮ ಮನೆಯೊಳಗೆ ಸಿಗ್ನಲ್ಲು ಕಾಲಿಡುವುದಿಲ್ಲ. ಕೊನೆಗೆ ಟಿವಿಯ ಬದಿಯ ಡಬ್ಬಿಯ ಪ್ಲಗ್ಗನ್ನೇ ಎಳೆದೆಳೆದು ಹಾಕತೊಡಗಿದೆ. ದೀಪ ಬರುತ್ತಿತ್ತು, ನೆಟ್ಟು ಬರುತ್ತಿರಲಿಲ್ಲ.

"ಹ್ವಾಯ್, ಆ ಟಿವಿ ಡಬ್ಬಿ ಎಂತಕ್ಕೆ ಎಳೂದ್?" ಎನ್ನುತ್ತ ಹೆಂಡತಿ ಸುಮತಿ ಒಳಗಿನಿಂದ ಬಂದಳು.

"ಇದು ಟಿವಿದಾ? ಹಾಗಾದ್ರೆ ಇಂಟರ್‌ನೆಟ್ ಡಬ್ಬಿ ಎಲ್ಲಿತ್ತ್?"

"ಅದ್ ಹ್ವಾದ್ ವರ್ಷ ಸಿಡ್ಲಿಗೆ ಸುಟ್ಟ್ ಹೋಯ್ತಲೆ! ನಾನ್ ಪ್ಲಗ್ ತೆಗಿತೆ ಅಂದ್ರೆ, ಸಿಡ್ಲ್ ನಮ್ಮನಿಯನ್ನೇ ಹುಡ್ಕಂಡ್ ಬತ್ತಾ ಅಂದದ್ ಯಾರ್?"

ಹಾಗೆ ನಾನು ಅಂದಿರಬಹುದು. ನನ್ನ ಧಾಟಿಯೇ ಅದು. ನಮ್ಮ ಕಡೆ ಆಕಾಶ ಒಮ್ಮೆ ಗುಡುಗಿದರೆ ಸಾಕು, ಮನೆಮನೆಯಲ್ಲೂ ಜನ ಓಡಿ ಓಡಿ ಪ್ಲಗ್ಗು ಕೀಳುತ್ತಾರೆ. ನಾನೊಬ್ಬ ಅದನ್ನು ನೋಡಿ ನಗುತ್ತಿದ್ದವನು. "ಹಾಗಾದ್ರೆ ಇಷ್ಟ್ ದಿನ ನೆಟ್ ಬಪ್ದ್ ಎಲ್ಲಿಂದ?"

"ನಿಮ್ಮಣ್ಣಯ್ಯನ ಮನಿಂದ. ನಿಮ್ಮತ್ತಿಗೆ ಅವತ್ತೇ ಪಾಸ್‌ವರ್ಡ್ ಕೊಟ್ಟಿರ್. ನಿಮ್ಗೂ ಹೇಳಿದ್ದೆ, ನೀವ್ ಪೇಪರ್ ಓದ್ತಾ ಹೂಂ ಅಂದ್ರಿ. ಈಗ ಗುಡ್ಗಿಗೆ ಅವ್ರ್ ಪ್ಲಗ್ ತೆಗ್ದಿರ್ಬೇಕ್."

ಪಕ್ಕದ ಮನೆಯ ನನ್ನ ಅಣ್ಣನಿಗೂ ನನಗೂ ಮಾತು ಬಿಟ್ಟು ತಿಂಗಳುಗಳೇ ಆಗಿದ್ದವು. ಅವನ ತೆಂಗಿನಮರ ನಮ್ಮ ಹಂಚಿನ ಮೇಲೆ ಬಾಗಿದೆ ಎಂದು ನಾನು ಪಂಚಾಯತಿಗೆ ಇ-ಮೇಲಿನಲ್ಲಿ ದೂರು ಬರೆದಿದ್ದೆ. ಅಂದರೆ ಅಣ್ಣನ ಮೇಲಿನ ದೂರು ಹೋದದ್ದು ಅಣ್ಣನ ಇಂಟರ್‌ನೆಟ್ಟಿನಲ್ಲೇ! ಯಾವುದನ್ನು ನಂಬುವುದು, ಯಾರ ಮೇಲೆ ಸಿಟ್ಟಾಗುವುದು, ಒಂದೂ ತಿಳಿಯಲಿಲ್ಲ. ಗಡಿಯಾರ ನೋಡಿದೆ. ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಪಕ್ಕದ ಮನೆಯ ಮೆಟ್ಟಿಲು ಹತ್ತಿದೆ.

"ಓಹೋ, ಪಂಚಾಯ್ತಿಯವ್ರ್ ಬಂದ್ರ್!" ಎಂದ ಅಣ್ಣ, ಜಗಲಿಯಿಂದ ಏಳದೆ.

"ಅಣ್ಣ, ಪ್ಲಗ್ ಹಾಕ್ ಮಾರಾಯ. ಸಂದರ್ಶನ ಇತ್ತ್."

"ಗುಡ್ಗ್ ನಿಲ್ದೆ ಹ್ಯಾಂಗ್ ಹಾಕೂದ್? ನಂದೂ ಸುಡ್ಕಾ?"

ಅತ್ತಿಗೆ ಒಳಗಿನಿಂದ ಗದರಿದರು: "ಹಾಕಿ ಕಾಂಬ, ಹುಡುಗ್ನ ಕೆಲ್ಸದ್ ವಿಷ್ಯ." ನಲವತ್ತು ದಾಟಿದ ಹುಡುಗನಾದ ನಾನು ತಲೆ ತಗ್ಗಿಸಿ ನಿಂತೆ. ಕೊನೆಗೆ ಒಪ್ಪಂದವಾಯಿತು: ಅಣ್ಣ ಪ್ಲಗ್ಗು ಹಾಕುತ್ತಾನೆ, ಆದರೆ ಅದರ ಮೇಲೆ ಕೈಯಿಟ್ಟುಕೊಂಡೇ ನಿಲ್ಲುತ್ತಾನೆ. ಪಾಸ್‌ವರ್ಡನ್ನು ಅತ್ತಿಗೆಯೇ ಒತ್ತಿ ಕೊಟ್ಟರು.

ಸಂದರ್ಶನ ಪರವಾಗಿಲ್ಲ ಎನ್ನುವಂತೆ ಸಾಗಿತು. ಕೊನೆಗೆ ಅಧ್ಯಕ್ಷರು ಕೇಳಿದರು: "ತರಗತಿಯಲ್ಲಿ ವಿದ್ಯಾರ್ಥಿಯೊಬ್ಬ ನಿಮ್ಮ ವಾದ ತಪ್ಪೆಂದು ತೋರಿಸಿಕೊಟ್ಟರೆ ಏನು ಮಾಡುತ್ತೀರಿ?" ಇದಕ್ಕೆ ನನ್ನಲ್ಲಿ ಉದ್ದದ ಉತ್ತರವಿತ್ತು. ಉಸಿರೆಳೆದುಕೊಂಡೆ. ಕಿಟಕಿಯಲ್ಲಿ ಮಿಂಚು ಹೊಡೆಯಿತು. ಅಣ್ಣ ಪ್ಲಗ್ಗು ಕಿತ್ತ.

ಮತ್ತೆ ಹಾಕುವಷ್ಟರಲ್ಲಿ ಆ ಕಡೆ ಯಾರೂ ಇರಲಿಲ್ಲ. ಅಣ್ಣ, "ಡಬ್ಬಿ ಉಳಿತ್ ಮಾರಾಯ" ಎಂದು ಸಮಾಧಾನ ಮಾಡಿದ. ನಾನು ಲ್ಯಾಪ್‌ಟಾಪ್ ಮುಚ್ಚಿ ಎದ್ದೆ.

ಮರುದಿನ ಸಿಗ್ನಲ್ಲು ಸಿಗುವ ಬಾವಿಕಟ್ಟೆಯ ಬಳಿ ನಿಂತಿದ್ದಾಗ ಬ್ರಹ್ಮಾವರದಿಂದ ಫೋನು ಬಂತು. ನಾನು ಆಯ್ಕೆಯಾಗಿದ್ದೆ. ಕೊನೆಯ ಪ್ರಶ್ನೆಗೆ ವಾದ ಹೂಡದೆ, ಕಣ್ಣು ಸಹ ಮಿಟುಕಿಸದೆ, ಅಷ್ಟು ಹೊತ್ತು ಸುಮ್ಮನೆ ಕೂತದ್ದು ಅಧ್ಯಕ್ಷರಿಗೆ ಬಹಳ ಹಿಡಿಸಿತಂತೆ. ತರ್ಕ ಕಲಿಸುವವರಲ್ಲಿ ಇಷ್ಟು ತಾಳ್ಮೆಯನ್ನು ಅವರು ಕಂಡಿರಲಿಲ್ಲವಂತೆ. ಅದು ನೆಟ್ಟು ಹೋಗಿ ಚಿತ್ರ ನಿಂತದ್ದು ಎಂದು ಹೇಳಬೇಕೆಂದುಕೊಂಡೆ. ಹೇಳಿದೆನೋ ಇಲ್ಲವೋ, ಈಗ ನೆನಪಿಲ್ಲ.

ಅಷ್ಟು ಫಲ ಕೊಟ್ಟ ಮೌನವನ್ನು ಅವತ್ತು ಸಂಜೆ ಮನೆಯಲ್ಲೂ ಪ್ರಯೋಗಿಸಿದೆ. "ಮೀನ್ ತನ್ನಿ ಅಂದಿದ್ದೆ, ಎಲ್ಲಿತ್ತ್?" ಎಂದು ಸುಮತಿ ಕೇಳಿದಾಗ ಕಣ್ಣು ಮಿಟುಕಿಸದೆ ಕೂತೆ. ಅವಳು ಸ್ವಲ್ಪ ಹೊತ್ತು ನೋಡಿ, ಮೀನು ತರುವ ಚೀಲ ತಂದು ನನ್ನ ಮಡಿಲಲ್ಲಿಟ್ಟು ಹೋದಳು.