ಟಾಫಿ ಅಂಗಡಿಗೆ ಹಲ್ಲಿನ ವಿಮೆ

2019ರ ಜೂನ್ 14, ಶುಕ್ರವಾರ ಬೆಳಿಗ್ಗೆ 8 ಗಂಟೆ 10 ನಿಮಿಷಕ್ಕೆ ಡೆಲ್ಫೀನಳ ದವಡೆಹಲ್ಲು ನೋಯತೊಡಗಿತು. ಮರುನಿಮಿಷವೇ ಅವಳು ಕೆಲಸ ಮಾಡುವ ಅಂಗಡಿಯ ಮಾಲೀಕ ಆರ್ಲೋ ಕ್ವಿಗ್ಲಿಗೆ ತಲೆನೋವು ಶುರುವಾಯಿತು.

"ಎದುರಿನ ಫಡ್ಜ್ ಮಿಠಾಯಿ ಅಂಗಡೀಲಿ ಕೆಲಸದವರಿಗೆ ಹಲ್ಲಿನ ವಿಮೆ ಕೊಡ್ತಾರಂತೆ. ಸಂಜೆ ಹೋಗಿ ಸೇರ್ಕೋತೀನಿ," ಎಂದಳು ಅವಳು, ಕೆನ್ನೆ ಹಿಡಿದುಕೊಂಡು.

ಜೆರ್ಸಿ ಕಡಲತೀರದ ಮರದ ಹಲಗೆ ಹಾಸಿದ ದಾರಿಯಲ್ಲಿ ಆರ್ಲೋನದು ಪುಟ್ಟ ಟಾಫಿ ಅಂಗಡಿ. ಕೆಲಸಕ್ಕಿದ್ದವಳು ಡೆಲ್ಫೀನ್ ಒಬ್ಬಳೇ. ಪ್ರತಿ ಪಾಕದಿಂದಲೂ ಒಂದು ತುಂಡು ಅಗಿದು ಹದ ಹೇಳುವವಳು ಅವಳೇ. ಆರ್ಲೋ ಹದ ನೋಡಿದರೆ ಟಾಫಿ ಒಂದೋ ಸಾರಾಗುತ್ತಿತ್ತು, ಇಲ್ಲವೇ ಇಟ್ಟಿಗೆಯಾಗುತ್ತಿತ್ತು. ನಾಳೆಯಿಂದ ಬೇಸಿಗೆಯ ಜನಜಂಗುಳಿ ಬೇರೆ.

"ವಿಮೆ ಯಾಕೋ ಮಾರಾಯ?" ಎಂದ ಪಕ್ಕದ ಪ್ರೆಟ್ಸೆಲ್ ಅಂಗಡಿಯ ಗಸ್. "ಕೆಲಸದವರಿಗೆ ಬೇಕಾಗಿರೋದು ನೆಮ್ಮದಿ. ಉಗ್ರಾಣದಲ್ಲಿ ಒಂದು ಜೋಲಿ ಕಟ್ಟು, ಆಗಾಗ ಮಲಗಿ ತೂಗಿಕೊಳ್ಳಲಿ."

ಕಟ್ಟಿದ್ದಾಯಿತು. ಪರೀಕ್ಷಿಸಲು ಗಸ್‌ನೇ ಮಲಗಿದ. ಹಗ್ಗ ಕಿತ್ತು, ಕೆಳಗಿದ್ದ ತಣ್ಣನೆಯ ಪಾಕದ ಪೀಪಾಯಿಯಲ್ಲಿ ಜಾಮೂನಿನ ಹಾಗೆ ಮುಳುಗಿ ಎದ್ದ.

"ಹೇಗಿದೆ ನೆಮ್ಮದಿ?" ಕೇಳಿದಳು ಡೆಲ್ಫೀನ್.

"ಅಂಟಂಟಾಗಿದೆ."

ಆರ್ಲೋ ಸೋತು ವಿಮಾ ಕಂಪನಿಯವಳಿಗೆ ಫೋನು ಮಾಡಿದ. "ಒಬ್ಬ ನೌಕರ ಇದ್ರೂ ಸಾಕು, ಮಾಲೀಕರಿಗೂ ಅನ್ವಯಿಸುತ್ತೆ. ಇವತ್ತಿಂದಾನೇ ಜಾರಿ," ಎಂದಳು ಆಕೆ.

"ನಿಮ್ಮಂಥ ಯಜಮಾನ್ರು ಎಲ್ಲಿ ಸಿಗ್ತಾರೆ!" ಎಂದು ಡೆಲ್ಫೀನ್ ಮೂಲೆಮನೆ ದಂತವೈದ್ಯರ ಬಳಿಗೆ ಓಡಿದಳು.

ಅಷ್ಟರಲ್ಲಿ ಪಾಕ ಯಂತ್ರಕ್ಕೇರಿತ್ತು. ಹದ ನೋಡಲು ಬಾಗಿದ ಆರ್ಲೋನ ಟೈ, ಟಾಫಿ ಎಳೆಯುವ ಕೊಕ್ಕೆಗೆ ಸುತ್ತಿಕೊಂಡಿತು. ಯಂತ್ರ ಎಳೆದಂತೆಲ್ಲ ಅವನು ಕೋಲೆಬಸವನ ಹಾಗೆ ತಲೆಯಾಡಿಸತೊಡಗಿದ.

"ಕಚ್ಚೋ! ಕಚ್ಚಿ ಬಿಡಿಸ್ಕೋ!" ಗಸ್ ಕೂಗಿದ.

ಕಚ್ಚಿದ. ಟೈ ಬಿಟ್ಟಿತು, ದವಡೆ ಟಾಫಿಯಲ್ಲಿ ಕಚ್ಚಿಕೊಂಡಿತು. ಗಸ್ ಯಂತ್ರ ನಿಲ್ಲಿಸಿ, ಟಾಫಿ ಕತ್ತರಿಸಿ, ಅವನನ್ನು ದಂತವೈದ್ಯರಲ್ಲಿಗೆ ಎಳೆದೊಯ್ದ.

ಅಲ್ಲಿ ಸ್ವಾಗತದ ಮೇಜಿನ ಹಿಂದೆ ಡೆಲ್ಫೀನ್ ಕೂತಿದ್ದಳು!

"ಕೋಪ ಮಾಡ್ಕೋಬೇಡಿ ಸರ್. 'ಹಲ್ಲು ಉಳೀಬೇಕಾದ್ರೆ ಟಾಫಿ ಬಿಡು' ಅಂದ್ರು ಡಾಕ್ಟರು. 'ಬಿಟ್ರೆ ಹೊಟ್ಟೆಗೇನು' ಅಂದೆ. 'ಇಲ್ಲೇ ಕೆಲಸಕ್ಕೆ ಕೂತ್ಕೋ, ಈ ಕುರ್ಚಿ ಖಾಲಿ ಇದೆ' ಅಂದ್ರು."

"ಮ್ಮ್! ಮ್ಮ್ಮ್!" ಎಂದ ಆರ್ಲೋ.

"ವಿಮೆ ಇದೆ ಅಂತಿದಾನೆ," ಗಸ್ ವಿವರಿಸಿದ.

"ಅಂಗಡೀಲಿ ಒಬ್ಬ ನೌಕರ ಇರೋವರೆಗೂ ಇರುತ್ತೆ ಸರ್." ಅವಳು ಗಡಿಯಾರ ನೋಡಿದಳು. "ಅಂದ್ರೆ, ಅರ್ಧ ಗಂಟೆ ಹಿಂದಿನವರೆಗೂ ಇತ್ತು."

ಆರ್ಲೋ ಆಸೆಯಿಂದ ಗಸ್‌ನ ತೋಳು ಹಿಡಿದ.

"ನನ್ನ ನೋಡ್ಬೇಡ. ನಿನ್ನ ನೌಕರರ ಸೌಲಭ್ಯ ಬೆಳಿಗ್ಗೇನೇ ಅನುಭವಿಸಿದೀನಿ," ಎಂದ ಗಸ್.

ವೈದ್ಯರು ಆರ್ಲೋನ ಬಾಯಿಂದ ಕಿತ್ತು ತೆಗೆದ ಟಾಫಿ ಮುದ್ದೆಯನ್ನು ಡೆಲ್ಫೀನ್ ಹಳೆಯ ಅಭ್ಯಾಸದಿಂದ ಒತ್ತಿ ನೋಡಿದಳು. ಮುಖ ಅರಳಿತು. "ಸರ್! ಹದ ಸರಿಯಾಗಿದೆ! ಇದೇ ಮೊದಲ ಸಲ!"

ವೈದ್ಯರು ಅದನ್ನು ತಕ್ಕಡಿಯ ಮೇಲಿಟ್ಟರು. ಅದಕ್ಕಂಟಿ ಬಂದ ಆರ್ಲೋನ ಎರಡು ಹಲ್ಲು ಸೇರಿ 41 ಗ್ರಾಂ.